ಗಾಳಿಮಾತು

ಯುದ್ಧ ಶುರುವಾದ ವಾರ
ರೇಡಿಯೋದಲ್ಲಿ ಹವಾಮಾನ ನಿಂತುಹೋಯಿತು.
ಛತ್ರಿ ಹಿಡಿದು ಕೇಳಬಂದವರಿಗೆಲ್ಲ
ನಿನ್ನೆವರೆಗೆ ಪುಕ್ಕಟೆ ಹೇಳುತ್ತಿದ್ದ ಮಾತಿಗೆ
ಇವತ್ತು ಕೆಂಪು ಮೊಹರು,
ಬಾಗಿಲಲ್ಲಿ ಬಂದೂಕಿನವನು.

ನಮ್ಮನ್ನೂ ಸೇನೆಗೆ ಸೇರಿಸಿದರು.
ಎರಡಳತೆ ದೊಡ್ಡ ಬೂಟು ಕೊಟ್ಟರು.
ಲಾದೊಗಾ ಸರೋವರದ ದಡಕ್ಕೆ ಏಳನೇ ಠಾಣೆ:
ನಾನು, ರುಫೀನಾ, ಒಂದು ಬೈರಿಗೆ,
ಒಂದು ಕಣ್ಣು ಕಾಣದ ಕುದುರೆ. ಅದರ ಹೆಸರು ಜನರಲ್.

ಮೂರು ಗಂಟೆಗೊಮ್ಮೆ ಗಾಳಿ, ಮೋಡ, ಒತ್ತಡ
ಐದೈದು ಅಂಕಿಯ ಕಟ್ಟುಗಳಾಗಿ ತಂತಿಯೇರಿ
ಠಾಣೆಯಿಂದ ದಳಕ್ಕೆ, ದಳದಿಂದ
ಇನ್ಯಾವುದೋ ನೆಲಮಾಳಿಗೆಗೆ.
ಅಲ್ಲಿ ನಕ್ಷೆಯ ಮೇಲೆ ನಾವು ಸಾಸಿವೆಯಷ್ಟು ಚುಕ್ಕಿ.
ಯಾರು ಇಡುತ್ತಿದ್ದರೋ, ಮುಖ ನೋಡಿದವರಿಲ್ಲ.

ಮಂಜುಗಡ್ಡೆ ಕೊರೆದು ಕೋಲು ಇಳಿಬಿಡುವುದು:
ಹತ್ತು ಸೆಂಟಿಮೀಟರಿಗೆ ಜನರಲ್ ದಾಟಬಹುದು,
ಇಪ್ಪತ್ತಾದರೆ ಹಿಟ್ಟಿನ ಲಾರಿ,
ಅದೂ ಅರ್ಧ ಹೊರೆ, ಬಾಗಿಲು ತೆರೆದಿಟ್ಟು.
ಆಚೆ ದಡದ ನಗರ
ಅಂಗೈಯಗಲದ ರೊಟ್ಟಿಯಲ್ಲಿ ದಿನ ನೂಕುತ್ತಿತ್ತು.

ಅಮ್ಮ ಕೇಳಿ ಬರೆದಳು: ಅಲ್ಲಿ ಚಳಿ ಹೇಗಿದೆ, ಕಾಪಾ?
ಎರಡು ಪುಟ ಉತ್ತರಿಸಿದೆ.
ಸೆನ್ಸಾರಿನವನು ಚಳಿಗೆ ಮಸಿ ಬಳಿದ, ಹಿಮಕ್ಕೆ ಬಳಿದ,
ಮೂಗು ಸೋರುವುದಕ್ಕೂ ಬಳಿದ.
ಅವಳಿಗೆ ಮುಟ್ಟಿದ್ದು:
ಬೂಟು ದೊಡ್ಡದು. ಚಿಂತೆ ಬೇಡ.

ಮಾರ್ಚಿಯ ಒಂದು ಸಂಜೆ ಒತ್ತಡ ಕುಸಿಯಿತು.
ಬೈರಿಗೆಯ ತೂತಿನಿಂದ ನೀರು ತಾನಾಗಿ ಉಕ್ಕಿತು.
ಈ ರಾತ್ರಿ ರಸ್ತೆ ಬೇಡ, ಅಂದೆ.
ಮೇಜರ್ ತಲೆಯೆತ್ತಿ ನೋಡಿದ. ತುಂಬ ನಕ್ಷತ್ರ.
"ಹುಡುಗಿಯ ಗಾಳಿಮಾತು ಕೇಳಿ
ಅರವತ್ತು ಲಾರಿ ನಿಲ್ಲಿಸಲೇನು?"
ನಿಲ್ಲಿಸಿದ. ಬೈಯುತ್ತ ನಿಲ್ಲಿಸಿದ.

ಬೆಳಗಾಯಿತು. ಗಡ್ಡೆ ಹಾಗೇ ಇತ್ತು.
ಒಂದು ಬಿರುಕೂ ಇಲ್ಲ.
ಲಾರಿ ಹೋಗಿದ್ದರೆ ಒಡೆಯುತ್ತಿತ್ತೋ ಏನೋ,
ಹೋಗಲಿಲ್ಲವಾದ್ದರಿಂದ ಗೊತ್ತಿಲ್ಲ.
ದಾಖಲೆ ಪುಸ್ತಕದಲ್ಲಿ ಮೇಲಿನವರು ಬರೆದರು: ಅಂದಾಜು ತಪ್ಪು.
ರುಫೀನಾ ರಬ್ಬರ್ ಹುಡುಕಿದಳು. ಶಾಯಿಯ ಬರಹ, ಹೋಗಲಿಲ್ಲ.

ಅರವತ್ತು ಲಾರಿಯ ಹಿಟ್ಟಿಗೆ ಎಷ್ಟು ರೊಟ್ಟಿ?
ಲೆಕ್ಕ ನನಗೆ ಬರುತ್ತದೆ. ಮಾಡಿಲ್ಲ.

ಈಗ ಅಡುಗೆಮನೆಯ ರೇಡಿಯೋ
ದಿನಕ್ಕೆ ಆರು ಸಲ ಹವೆ ಹೇಳುತ್ತದೆ,
ಮೊಮ್ಮಗಳು ಅಷ್ಟರಲ್ಲಿ ಬೇರೆ ಸ್ಟೇಷನ್ ಹಾಕುತ್ತಾಳೆ.
ಹಾಲು ತರಲು ಹೊರಟಾಗ ಮೆಟ್ಟಿಲ ಕೆಳಗೆ
ಹೆಪ್ಪುಗಟ್ಟಿದ ಒಂದು ಗುಂಡಿ ನೀರು.
ಕಾಲಿಡುವ ಮುಂಚೆ
ಹಿಮ್ಮಡಿಯಿಂದ ಒಮ್ಮೆ ತಟ್ಟುತ್ತೇನೆ.
ಕಿವಿಗೊಡುತ್ತೇನೆ.