ಡಬ್ಬಿಯ ತಳ

ಬೆಟಗೇರಿಯ ನೇಕಾರ ಓಣಿ ತಿರುವಿನಾಗ, ನಮ್ಮ ಪ್ರೆಸ್ಸಿಗೆ
ಒಂದೇ ದಿನ ಎರಡು ಆರ್ಡರು ಬಂದ್ವು.

ಮೊದಲನೇದು ಆಸ್ಪತ್ರಿದು.
ಶೈಲಶ್ರೀ ಮೇಡಮ್ ತಾವ ಬಂದಿದ್ರು, ಕಂಕುಳಾಗ ಹಸರು ಫೈಲು:
ಐದು ಸಾವಿರ ಕರಪತ್ರ, ನಡುವ ಒಂದು ಮಡಿಕಿ,
'ಸಕ್ಕರೆ' ಅನ್ನೂ ಮಾತು ಕೆಂಪಿನಾಗ ಇರ್ಲಿ.
ಪ್ರೂಫ್ ನೋಡೂವಾಗ ಕೇಳಿದೆ:
ಇಲ್ಲಿ ಮಂದಿ ಬಾಯಾಗ ಅದು ಸಕ್ರಿ ರೀ,
ಹಂಗ ಹಾಕಿದ್ರ ನಡೀತೈತೇನು?
ನಕ್ಕರು. ಸರಕಾರದ ಕಾಗದ, ಶುದ್ಧ ಇರಬೇಕು ಅಂದ್ರು.
ಶುದ್ಧ ಮಾಡಿದೆ.

ಎರಡನೇದು ಕಿಶನ್‌ಸಿಂಗನ ಮಿಠಾಯಿ ಅಂಗಡಿದು.
ಸಕ್ರಿ ಸಾಮಾನಿಗೆ ತೆರಿಗಿ ಏರಿದ ವಾರ.
ಆಂವ ಬೈಲಿಲ್ಲ, ಗೋಳಾಡಲಿಲ್ಲ,
ಹಳೇ ಡಬ್ಬಿ ಟೇಬಲ್ ಮ್ಯಾಲಿಟ್ಟು
ಒಳಗ ಬೆರಳು ಇಳಿಸಿ ಆಳ ತೋರಿಸಿದ:
ಹೊರಗಿನ ಅಳತಿ ಇದ್ದಂಗ ಇರ್ಲಿ,
ತಳಕ್ಕೊಂದು ರಟ್ಟು ಎತ್ತರಿಸಿ ಕೂಡಿಸು.
ಬೆಲೆ ಅದ. ಹೂವಿನ ಚಿತ್ರ ಅದ.
ಲಾಡು ಮಾತ್ರ ಒಂದು ಬೆರಳು ಸಣ್ಣದು.
ತೂಕ? ಅಂದೆ.
ತೂಕ ಹಿಂದಿನ ಮಗ್ಗಲಿಗೆ ಹಾಕು, ಇರಿವಿ ಕಾಲಿನಷ್ಟು.

ಎರಡೂ ಬಿಲ್ಲು ಒಂದೇ ಪುಸ್ತಕದಾಗ ಬರದೆ.
ನಡುವ ಕಾರ್ಬನ್ ಹಾಳಿ, ಎರಡೂ ಕಡೆ ನನ್ನ ಬೆರಳಿನ ಕರಿ.

ಕಟಿಂಗ್ ಮಷಿನ್ನಿನ ಮಾಬುಸಾಬ ರಟ್ಟು ಕೊಯ್ಕೋತ ಅಂದ:
ಮೇಡಮ್ಮಾರು ಐದು ಸಾವಿರ ಹಾಳಿಲೆ ಮಾಡೂದನ್ನ
ಈ ಮನಷ್ಯಾ ಒಂದು ರಟ್ಟಿಲೆ ಮಾಡಿದ ನೋಡ್ರಿ,
ಯಾರಿಗೂ ಬುದ್ಧಿ ಹೇಳದನ.
ನಾನು ಹೂಂ ಅನ್ನಲಿಲ್ಲ.
ಸಣ್ಣ ಲಾಡು ತಿಂದಾಂವ ಇನ್ನೊಂದು ಎತ್ತಿಕೊಂಡ್ರ?
ಇನ್ನೊಂದಕ್ಕ ರೊಕ್ಕ ಬೇಕಲ್ರಿ.
ರೊಕ್ಕ ಇದ್ದಾಂವಗ?
ಆಂವಗ ಕರಪತ್ರ, ಅಂದ.
ಬ್ಲೇಡು ಇಳೀತು.

ಮಡಚೂ ಕೆಲಸ ನೀಲವ್ವಂದು.
ಓದು ಬರೂದಿಲ್ಲ. ಉಗುರಿಲೆ ಗೆರಿ ಎಳದ್ರ
ಮಷಿನ್ನೂ ನಾಚಬೇಕು.
ಅಕಿ ಮಡಿಕಿ ಸರಿಯಾಗಿ ಕೆಂಪು ಮಾತಿನ ಮ್ಯಾಲ ಬಿತ್ತು.
ನೂರು ಸಲ ತಗದು ಮಡಚಿದ್ರ ಒತ್ತಕ್ಷರ ಸವದು
ಏನು ಉಳೀತೈತೋ ಅಂತ ವಿಚಾರ ಮಾಡಿದೆ.
ನೂರು ಸಲ ಯಾರು ತಗೀತಾರ.

ನಾಕು ಗಂಟೆಕ್ಕ ಚಾ.
ಮೂಲಿ ಹೋಟೆಲಿನಾಂವ ಕಪ್ಪಿಗೆ ಮೂರು ರೂಪಾಯಿ ಏರಿಸಿದ್ದ.
ಅವತ್ತಿನಿಂದ ನೀಲವ್ವ, ಮಾಬುಸಾಬ ಬೈ-ಟೂ.
ಮಾಬುಸಾಬಗ ಅದು ಪಾಡಾತು. ಶುಗರ್ ಮುನ್ನೂರು ದಾಟಿತ್ತು,
ಹೆಂಡತಿ ಹೇಳಿ, ಮಗಳು ಹೇಳಿ, ಡಾಕ್ಟರು ಗದರಿಸಿ
ಬಿಡಸಲಾರದ್ದನ್ನ
ಮೂರು ರೂಪಾಯಿ ಅರ್ಧಕ್ಕ ಇಳಿಸಿತು.

ನೀಲವ್ವನ ಕೈ ಮಾತ್ರ ಐದೂವರಿಗೆ ನಡಗಿದ್ವು.
ಗೆರಿ ಓರೆ ಬಿತ್ತು. ಮತ್ತೊಂದು. ಮತ್ತೊಂದು.
ಯಾಕವ್ವಾ ಅಂದ್ರ,
ಅದು ಚಾ ಅಲ್ರಿ ಯಪ್ಪಾ, ನನ್ನ ಮಧ್ಯಾಹ್ನದ್ದು.
ರೊಟ್ಟಿ ಮೊಮ್ಮಗನ ಬುತ್ತಿಗೆ ಹೊಕ್ಕಾವು,
ನನಗ ನಾಕು ಚಮಚಿ ಸಕ್ರಿ, ರಾತ್ರಿತನಾ ಹಿಡೀತೈತಿ.

ಹನ್ನೊಂದು ವರ್ಷ ಅಕಿ ಎದುರಿಗೆ ಕುಂತು ಉಂಡೇನಿ.
ನನಗ್ಯಾರೂ ಕರಪತ್ರ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ಮೇಡಮ್ ಮತ್ತ ಬಂದ್ರು.
ಹೋದ ಸಲದ್ದು ಭಜಿ ಗಾಡಿಯಾಗ ನೋಡಿದ್ರಂತ, ಎಣ್ಣಿ ಹೀರಿಕೊಂಡು
ಚೊಲೋ ಕೆಲಸ ಮಾಡತಿತ್ತು.
ಸಕ್ರಿ ಅಂತನ ಹಾಕ್ರಿ ಬೇಕಾದ್ರ, ಅಂದ್ರು,
ಈ ಸಲ ಏನು ಬರಿಯೂಣು?
ನೀಲವ್ವನ್ನ ಕರದೆ.
ಅಕಿ ಸೆರಗಿಗೆ ಕೈ ಒರಸಿಕೊಂಡು, ಯಾರನ್ನೂ ನೋಡದ,
ಎರಡು ಗಂಟೆಕ್ಕ ಒಂದು ರೊಟ್ಟಿ, ಒಂದೀಟು ಪಲ್ಯಾ ಇಡ್ರಿ,
ಸಕ್ರಿ ತಾನ ಎದ್ದು ಹೋಗತೈತಿ ಅಂದ್ಲು.

ಮೇಡಮ್ ಬರಕೊಂಡ್ರು,
ಹಸರು ಫೈಲಿನಾಗ, 'ಸಲಹೆಗಳು' ಅನ್ನೂದರ ಕೆಳಗ.
ಆಮ್ಯಾಲ ರೇಟು ಕೇಳಿದ್ರು.
ಕಾಗದಾನೂ ತುಟ್ಟಿ ಆಗೇತ್ರಿ, ಅಂದೆ.
ಹೋದ ಸಲದ ರೊಕ್ಕದಾಗ ಆಗಬೇಕಂದ್ರ
ಹಾಳಿ ಒಂದು ಬೆರಳು ಸಣ್ಣದು ಮಾಡಬೇಕಾಕ್ಕೇತಿ.