ಕಟಿಂಗ್ ಟೇಬಲ್ಲಿನ ರೈಲು

ತೀರ್ಥಹಳ್ಳಿಗೆ ರೈಲಿಲ್ಲ.
ಇರುವುದೊಂದೇ, ಅದೂ ರಾತ್ರಿ ಒಂಬತ್ತರ ಮೇಲೆ,
ಸೆರಫಿನಾ ಷಟರ್ ಅರ್ಧ ಇಳಿಸಿ
ಕತ್ತರಿ, ಟೇಪು, ಸೀಮೆಸುಣ್ಣದ ಬಿಲ್ಲೆ ಎತ್ತಿಟ್ಟು
‘ಹಾಸ್ಕೊಳ್ಳಿ ನಿಮ್ಮ ಹಳಿ’ ಅಂದಮೇಲೆ.

ಟೇಬಲ್ಲು ನಾಲ್ಕಡಿ ಅಗಲ. ಅಷ್ಟೇ ನನ್ನ ದೇಶ.
ಅಂಚಿಗೆ ಬಂದ ಹಳಿ ತಿರುಗಲೇಬೇಕು, ಇಲ್ಲವೇ ನೆಲಕ್ಕೆ.
ಬೋಗಿಗಳು ಮಾತ್ರ ಪೂರಾ ಉದ್ದ:
ಒಂದು ಗೇಣು, ಮೇಲೆರಡು ಬೆರಳು.
ಮದುವೆ ಕಾಗದದ ರಟ್ಟಿನಲ್ಲಿ ಕೊಯ್ದು ನೀಲಿ ಬಳಿದವು.
ಅಳತೆಗೆಂದು ಶಿವಮೊಗ್ಗ ಸ್ಟೇಷನ್ನಿನಲ್ಲಿ
ತಾಳಗುಪ್ಪದ ಗಾಡಿಗೆ ಅವಳ ಟೇಪು ಹಿಡಿದು ನಿಂತಾಗ
ಪೊಲೀಸಿನವ ಕೇಳಿದ್ದ: ‘ಏನ್ರೀ, ಬ್ಲೌಸ್ ಹೊಲೀತೀರಾ ಇದಕ್ಕೆ?’

ನೇರದಲ್ಲಿ ಎಲ್ಲ ಚಂದ.
ತಿರುವಿಗೆ ಬಂದರೆ ಬೋಗಿಗೆ ಒಳಗಡೆ ಹೊಟ್ಟೆ ಬರುತ್ತದೆ,
ಗುಂಡಿ ಡಬ್ಬಕ್ಕೆ ಉಜ್ಜುತ್ತದೆ.
ತಲೆಯೂ ಬಾಲವೂ ಹೊರಗೆ ಚಾಚಿ
ಗುಂಡುಸೂಜಿಯ ಸಿಗ್ನಲ್ಲನ್ನು ಕೆಡವುತ್ತವೆ.
ಕೊಂಡಿಯನ್ನು ಒಡಲಿಗೆ ಬಿಗಿದರೆ
ಮುಂದಿನದು ಹಿಂದಿನದರ ಮೂಗು ಹಿಡಿದೆಳೆದು ಹಳಿ ತಪ್ಪಿಸುತ್ತದೆ.
ಗಾಲಿಚೌಕಟ್ಟಿಗೆ ಬಿಗಿದೆ: ಎಳೆದರೆ ಬಂತು,
ಹಿಂದಕ್ಕೆ ದೂಡಿದರೆ ಮೂರನೆಯದು
ಕೋಣದ ಹಾಗೆ ಅಡ್ಡ ಮಲಗಿತು.

‘ಎರಡು ಕಿಟಕಿ ಕಮ್ಮಿ ಮಾಡಿ, ಗಿಡ್ಡ ಆಗುತ್ತೆ,
ಯಾರು ಎಣಿಸ್ತಾರೆ?’ ಅಂದಳು ಸೆರಫಿನಾ.
ಎಣಿಸುವವನು ನಾನೇ ಅಲ್ಲವೆ.
ಯಾವ ಎರಡು ಕಿಟಕಿ? ಅಲ್ಲಿ ಕೂತವರನ್ನು ಎಲ್ಲಿ ಇಳಿಸಲಿ?

ಹತ್ತೊಂಬತ್ತು ವರ್ಷ ಆಗುಂಬೆ ಘಾಟಿಯಲ್ಲಿ
ಮಿನಿಬಸ್ಸು ಹೊಡೆದವನು ನಾನು.
ಉದ್ದದ ಗಾಡಿಗೆ ಅಲ್ಲಿ ದಾರಿಯಿಲ್ಲ.
ಗೊತ್ತಿಲ್ಲದೆ ಒಂದು ದಿನ ಯಾವೂರಿನದೋ ದಿಬ್ಬಣದ ಬಸ್ಸು
ಏಳನೇ ತಿರುವಿನಲ್ಲಿ ಸಿಕ್ಕಿಕೊಂಡಿತು,
ಮೂತಿ ಬಂಡೆಗೆ, ಬಾಲ ಗಾಳಿಗೆ.
ಐವತ್ತಮೂರು ಜನ ಇಳಿದು ಮೋರಿಕಟ್ಟೆಯ ಮೇಲೆ ಕೂತರು.
ಮದುವೆ ಹೆಣ್ಣು ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು.
ಅವರ ಡ್ರೈವರ್‌ಗೆ ಕೈನಡುಕ. ಸ್ಟೇರಿಂಗಿಗೆ ನಾನು ಹತ್ತಿದೆ.
ಹಿಂದೆ ನಿಂತು ತಗಡು ಬಡಿದವನು ನನ್ನ ಕಂಡಕ್ಟರ್ ದೂಮಣ್ಣ:
‘ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!’
ಒಂದೂವರೆ ಗಂಟೆ. ಗೇಣು ಗೇಣಾಗಿ.
ಆವತ್ತು ಕನ್ನಡಿಯಲ್ಲಿ ನನಗೆ ಕಂಡದ್ದು ಬರೀ ಆಕಾಶ;
ಬಸ್ಸಿನ ಹಿಂಭಾಗ ಇದ್ದದ್ದು ಅವನ ಅಂಗೈಯಲ್ಲಿ.

ಇದನ್ನು ಹೇಳಿದೆ. ಅವಳು ಕೇಳಿದಳೋ ಇಲ್ಲವೋ,
ಹಳಿ ಕಿತ್ತು ಬದಿಗಿಟ್ಟು
ಮೊಳೆಗೆ ನೇತುಹಾಕಿದ್ದ ಮರದ ಕರ್ವ್ ಸ್ಕೇಲು ತಂದಳು,
ಕಂಕುಳ ಸುತ್ತು ಗೀಚುವಂಥದ್ದು.
‘ನೀವು ಊಟದ ತಟ್ಟೆ ಇಟ್ಟ ಹಾಗೆ ಗೀಚಿದ್ದೀರಿ.
ನೇರ ಮುಗೀತು, ತಟಕ್ಕಂತ ಗುಂಡಗೆ.
ಹಾಗೆ ಕತ್ತರಿಸಿದ ತೋಳು ಕೈ ಎತ್ತಿದ ಕೂಡಲೇ ಹರಿಯುತ್ತೆ.
ತಿರುಗೋದು ತಿರುವು ಬರೋಕೆ ಮುಂಚೇನೇ ಶುರು ಆಗ್ಬೇಕು,
ಬಟ್ಟೆಗೆ ಗೊತ್ತಾಗದ ಹಾಗೆ.’
ಬಿಳಿ ಬಿಲ್ಲೆಯಲ್ಲಿ ಒಂದೇ ಉಸಿರಿಗೆ ಎಳೆದಳು.

ಆ ಗೆರೆಯ ಮೇಲೆ ಹಳಿ. ಬಾಗಿಲ ಕೆಳಗೆ ಗಾಲಿ ತಾಗುವಲ್ಲಿ
ಬ್ಲೇಡಿನಿಂದ ಒಂದು ನೂಲಿನಷ್ಟು ಕೆತ್ತಿದೆ.
ಗುಂಡಿ ಡಬ್ಬವನ್ನು ಒಂದಂಗುಲ ಸರಿಸಿದೆವು.
ಹನ್ನೊಂದೂಕಾಲಿಗೆ ಏಳು ಬೋಗಿ ಹೊರಟವು.
ಸೆರಫಿನಾ ಟೇಬಲ್ಲಿನ ಅಂಚನ್ನು ಬಡಿಯುತ್ತಿದ್ದಳು,
ನಾನು ಹೇಳಿಕೊಡದೆ: ಬರ್ಲಿ, ಬರ್ಲಿ.
ತಿರುವಿನಲ್ಲಿ ಬೋಗಿ ಬೋಗಿಯ ನಡುವೆ
ಹೊರಮೈಯಲ್ಲಿ ಒಂದು ಮೂಲೆ ಬಾಯ್ಬಿಟ್ಟಿತು,
ನೇರಕ್ಕೆ ಬಂದು ಮುಚ್ಚಿಕೊಂಡಿತು.
ಅದನ್ನು ಸರಿಮಾಡಲು ನನಗೆ ಬರುವುದಿಲ್ಲ. ಇರಲಿ.

ಬೆಳಿಗ್ಗೆ ಕಟ್ಟೆಹಕ್ಕಲಿನ ಟೀಚರು
ಬ್ಲೌಸ್ ಪೀಸನ್ನು ಮಗುಚಿ ಕೇಳಿದರು: ‘ಇದೇನು ಬಿಳಿ ಗೆರೆ?’
‘ಒಗೆದರೆ ಹೋಗುತ್ತೆ,’ ಅಂದಳು ಸೆರಫಿನಾ,
ಸೂಜಿ ಬಾಯಲ್ಲಿಟ್ಟುಕೊಂಡೇ.