ಅಂಗಾಲು

ಗೊಬಾಬಿಸ್ ದಾಟಿದ ಮೇಲೆ ಶುರು: ಧಬ್.
ಅರವತ್ತರಲ್ಲಿ ಒಂದು, ಎಂಬತ್ತರಲ್ಲಿ ಮೂರು,
ನಿಲ್ಲಿಸಿದರೆ ತೆಪ್ಪಗೆ, ಹಾಲು ಕದ್ದ ಬೆಕ್ಕು.

ಕವೆಜೆರಿ ಜಲ್ಲಿಯ ಮೇಲೆ ಅಂಗಾತ ಮಲಗಿ
ಸೈಲೆನ್ಸರ್ ಅಲ್ಲಾಡಿಸಿದಳು. ಗಟ್ಟಿ.
ಸ್ಟೆಪ್ನಿಯ ಸರಪಳಿ ಬಿಗಿದಳು,
ಕಮಾನು ಪಟ್ಟಿಯ ನಟ್ಟು ತಿರುವಿದಳು.
ಹೊರಟರೆ, ಮತ್ತೆ ಧಬ್.
ಹಿಂದೆ ಮೇಕೆಗಳು ತಲೆದೂಗಿದವು.

ಹುಟ್ಟುಕಿವುಡ ಸೋದರಮಾವ ತ್ಜಿಪೂಕಾ
ಬೂಟು ಬಿಚ್ಚಿ ಕೂತಿದ್ದ ಇಷ್ಟೂ ಹೊತ್ತು.
ಪಿಕಪ್ಪಿನ ತಗಡಿನ ಮೇಲೆ ಅಂಗಾಲು ಸರಿಸುತ್ತ ಸರಿಸುತ್ತ
ಗೇರಿನ ಬುಡದ ಹಿಂದೆ ನಿಲ್ಲಿಸಿದ.
ಎರಡು ಮುಷ್ಟಿ ಹೆಣೆದು, ತಿರುಚಿ ತೋರಿಸಿದ.

ಶಾಫ್ಟಿನ ಜಾಯಿಂಟು!
ಬೆರಳಿಟ್ಟರೆ ಬೇರಿಂಗಿನ ಬಟ್ಟಲಲ್ಲಿ
ತುಕ್ಕಿನ ಹಿಟ್ಟು, ಕೆಂಪು, ನುಣ್ಣಗೆ.

ಗ್ಯಾರೇಜಿಗೆ ಇನ್ನೂ ನಲವತ್ತು ಕಿಲೋಮೀಟರ್.
ಇಪ್ಪತ್ತರಲ್ಲೇ ಹೊರಟರು.
ಮಾವ ಬೂಟು ಹಾಕಿಕೊಳ್ಳಲಿಲ್ಲ.
ಪ್ರತಿ ಧಬ್ಬಿಗೂ
ಅವಳ ಕಿವಿಗಿಂತ ಮೊದಲೇ
ಬೆರಳೆತ್ತುತ್ತಿದ್ದ.